ಹಡಗು ಮುಳುಗಿದರೆ ಕಾನೂನು ಅದನ್ನು ಏನೆಂದು ಕರೆಯುತ್ತದೆ?

2021ರ ಏಪ್ರಿಲ್ 13ರ ನಸುಕಿನಲ್ಲಿ, ಸುಮಾರು 2 ಗಂಟೆಯ ಹೊತ್ತಿಗೆ, ನವ ಮಂಗಳೂರು ಬಂದರಿನಿಂದ 43 ನಾಟಿಕಲ್ ಮೈಲಿ ದೂರದ ಕಡಲಿನಲ್ಲಿ ಒಂದು ಮೀನುಗಾರಿಕಾ ಬೋಟಿಗೂ ಒಂದು ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನ ಹೆಸರು ‘ರಬ್ಬಾ’. ಕೇರಳದ ಬೇಪೂರಿನಿಂದ ಹೊರಟದ್ದು. ಹಡಗಿನ ಹೆಸರು ‘ಎಪಿಎಲ್ ಲೆ ಹಾವ್ರ್’. ಸಿಂಗಪುರದ ಧ್ವಜ ಹೊತ್ತದ್ದು. ಬೋಟಿನಲ್ಲಿ 14 ಮಂದಿ ಇದ್ದರು, ಎಲ್ಲರೂ ತಮಿಳುನಾಡು ಮತ್ತು ಪಶ್ಚಿಮ ಬಂಗಾಳದವರು. ಜೀವಸಹಿತ ಸಿಕ್ಕವರು ಇಬ್ಬರೇ.

ಇದೇ ಡಿಕ್ಕಿ ರಸ್ತೆಯ ಮೇಲೆ, ಒಂದು ಲಾರಿಗೂ ಟೆಂಪೊಗೂ ನಡೆದಿದ್ದರೆ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹತ್ತಿರದ ಠಾಣೆಯವರು ಬರುತ್ತಾರೆ. ಮಹಜರು ಆಗುತ್ತದೆ. ಚಾಲಕನ ಮೇಲೆ ಮೊಕದ್ದಮೆ ದಾಖಲಾಗುತ್ತದೆ. ಸತ್ತವರ ಮನೆಯವರು ಮೋಟಾರು ಅಪಘಾತ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾರೆ. ಕಡಲಿನಲ್ಲಿ ಹಾಗಿಲ್ಲ. 43 ನಾಟಿಕಲ್ ಮೈಲಿ ಎಂದರೆ ಸುಮಾರು 80 ಕಿಲೋಮೀಟರ್. ಭಾರತದ ಪ್ರಾದೇಶಿಕ ಸಮುದ್ರ ಮುಗಿಯುವುದು ದಡದಿಂದ 12 ನಾಟಿಕಲ್ ಮೈಲಿಗೆ. ಅದರಾಚೆ ಯಾವ ಠಾಣೆಯ ಸರಹದ್ದು? ಯಾರ ಮಹಜರು? ಯಾರ ನ್ಯಾಯಾಲಯ?

ಇವಕ್ಕೆಲ್ಲ ಉತ್ತರ ದೊರೆಯುವ ಮೊದಲು ಇನ್ನೊಂದು ಪ್ರಶ್ನೆ ತೀರ್ಮಾನವಾಗಬೇಕು. ನಡೆದ ಘಟನೆಯನ್ನು ಕಾನೂನು ಏನೆಂದು ಕರೆಯುತ್ತದೆ? ಕಡಲಿನ ಕಾನೂನಿನಲ್ಲಿ ಹೆಸರು ಎಂಬುದು ಬರಿಯ ಹೆಸರಲ್ಲ. ತನಿಖೆ ನಡೆಯಲೇಬೇಕೇ, ಯಾವ ದೇಶ ನಡೆಸಬೇಕು, ಯಾರನ್ನು ಬಂಧಿಸಬಹುದು, ಯಾರಿಗೆ ಹಣ ಸಿಗುತ್ತದೆ ಎಂಬುದೆಲ್ಲ ಆ ಹೆಸರಿನ ಮೇಲೆ ನಿಂತಿದೆ.

ಒಂದು ಘಟನೆ, ಮೂರು ಪ್ರಶ್ನೆ

ಹಡಗಿನ ಅಪಘಾತಕ್ಕೆ ಕಾನೂನಿನಲ್ಲಿ ಒಂದೇ ವ್ಯಾಖ್ಯೆ ಇದೆ ಎಂದು ಭಾವಿಸುವುದು ಸಹಜ. ವಾಸ್ತವ ಬೇರೆ. ಅಪಘಾತ ನಡೆದೊಡನೆ ಮೂರು ಪ್ರಶ್ನೆಗಳು ಏಳುತ್ತವೆ. ಏಕೆ ಹೀಗಾಯಿತು? ಯಾರನ್ನು ಶಿಕ್ಷಿಸಬೇಕು? ನಷ್ಟವನ್ನು ಯಾರು ಭರಿಸಬೇಕು? ಮೊದಲನೆಯದು ಸುರಕ್ಷತಾ ತನಿಖಾಧಿಕಾರಿಯ ಪ್ರಶ್ನೆ. ಎರಡನೆಯದು ಕ್ರಿಮಿನಲ್ ನ್ಯಾಯಾಲಯದ್ದು. ಮೂರನೆಯದು ವಿಮಾ ಕಂಪೆನಿಯದು ಮತ್ತು ಪರಿಹಾರ ಕೇಳುವವರದು. ಈ ಮೂವರೂ ನೋಡುವುದು ಒಂದೇ ಘಟನೆಯನ್ನು. ಆದರೆ ಪ್ರತಿಯೊಬ್ಬರ ಕೈಯಲ್ಲಿರುವ ಅಳತೆಗೋಲು ಬೇರೆ.

ಇಂಗ್ಲಿಷಿನ ಕಡಲ ಕಾನೂನು ಇಲ್ಲಿ ಬಳಸುವ ಪದ ‘ಕ್ಯಾಶುಯಲ್ಟಿ’. ಆಸ್ಪತ್ರೆಯ ಬಾಗಿಲಲ್ಲಿ ನಾವು ದಿನವೂ ಓದುವ ಪದವೇ ಇದು. ಆದರೆ ಕಡಲಿನಲ್ಲಿ ‘ಕ್ಯಾಶುಯಲ್ಟಿ’ ಎಂದರೆ ಗಾಯಗೊಂಡ ಮನುಷ್ಯನೇ ಆಗಬೇಕೆಂದಿಲ್ಲ; ಹಡಗೂ ಆಗಬಹುದು, ಇಡೀ ಘಟನೆಯೂ ಆಗಬಹುದು. ಈ ಲೇಖನದಲ್ಲಿ ಅದನ್ನು ‘ಸಾಗರ ದುರ್ಘಟನೆ’ ಎಂದು ಕರೆಯೋಣ.

ಲಂಡನ್ನಿನಲ್ಲಿ ಸಿದ್ಧವಾದ ಪಟ್ಟಿ

ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಕೇಂದ್ರ ಕಚೇರಿ ಲಂಡನ್ನಿನಲ್ಲಿದೆ. ಈ ಸಂಸ್ಥೆ 2008ರಲ್ಲಿ ಒಂದು ದುರ್ಘಟನಾ ತನಿಖಾ ಸಂಹಿತೆಯನ್ನು ಅಂಗೀಕರಿಸಿತು. 2010ರ ಜನವರಿ 1ರಿಂದ ಅದು ಜಾರಿಗೆ ಬಂತು. ಇದು ನಿಂತಿರುವುದು ‘ಸೋಲಾಸ್’ ಎಂದು ಹೆಸರಾದ, ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದದ ಮೇಲೆ. 1912ರಲ್ಲಿ ಟೈಟಾನಿಕ್ ಮುಳುಗಿದ ನಂತರ, 1914ರಲ್ಲಿ ಈ ಒಪ್ಪಂದದ ಮೊದಲ ರೂಪ ಸಿದ್ಧವಾಯಿತು. ಈಗ ಬಳಕೆಯಲ್ಲಿರುವುದು 1974ರದು.

ಸಂಹಿತೆಯ ಪ್ರಕಾರ ಹಡಗಿನ ಕಾರ್ಯಾಚರಣೆಗೆ ನೇರ ಸಂಬಂಧವಿರುವ ಘಟನೆಯೊಂದರಿಂದ ಏಳು ಬಗೆಯ ಪರಿಣಾಮಗಳಲ್ಲಿ ಯಾವುದಾದರೂ ಒಂದು ಉಂಟಾದರೆ ಅದು ಸಾಗರ ದುರ್ಘಟನೆ. ಒಂದು, ಸಾವು ಅಥವಾ ತೀವ್ರ ಗಾಯ. ಎರಡು, ಹಡಗಿನಿಂದ ಮನುಷ್ಯರು ಕಾಣೆಯಾಗುವುದು. ಮೂರು, ಹಡಗೇ ನಷ್ಟವಾಗುವುದು, ನಷ್ಟವಾಗಿದೆ ಎಂದು ಭಾವಿಸಬೇಕಾಗಿ ಬರುವುದು ಅಥವಾ ಅದನ್ನು ತೊರೆದು ಬರುವುದು. ನಾಲ್ಕು, ಹಡಗಿಗೆ ಗಣನೀಯ ಹಾನಿ. ಐದು, ಹಡಗು ನೆಲಕ್ಕೆ ತಗುಲಿ ನಿಲ್ಲುವುದು, ಕೆಟ್ಟು ನಿಲ್ಲುವುದು ಅಥವಾ ಡಿಕ್ಕಿ. ಆರು, ಹಡಗಿನ ಹೊರಗಿರುವ ಕಡಲ ಕಟ್ಟಡ, ಸಾಧನಗಳಿಗೆ ಅಪಾಯ ತರುವಂಥ ಹಾನಿ. ಏಳು, ಪರಿಸರಕ್ಕೆ ತೀವ್ರ ಹಾನಿ ಅಥವಾ ಅಂಥ ಹಾನಿಯ ಸಂಭವ.

ಪಟ್ಟಿಯ ಕೊನೆಗೆ ಒಂದು ಮುಖ್ಯ ಷರತ್ತಿದೆ. ಹಾನಿ ಮಾಡಬೇಕೆಂಬ ಉದ್ದೇಶದಿಂದ ಯಾರಾದರೂ ಮಾಡಿದ ಕೃತ್ಯ ಸಾಗರ ದುರ್ಘಟನೆಯಲ್ಲ. ಬೇಕೆಂದೇ ಹಡಗನ್ನು ಮುಳುಗಿಸಿದರೆ, ಬೇಕೆಂದೇ ಬೆಂಕಿ ಹಚ್ಚಿದರೆ ಅದು ಅಪರಾಧ. ಅದರ ದಾರಿ ಬೇರೆ.

ಕಾಲು ಮುರಿದವನೂ ಮುಳುಗಿದ ಹಡಗೂ

ಎಲ್ಲ ದುರ್ಘಟನೆಗಳೂ ಒಂದೇ ತೂಕದವಲ್ಲ. ಮೂರರಲ್ಲಿ ಒಂದು ನಡೆದಿದ್ದರೆ ಅದು ‘ಅತಿ ಗಂಭೀರ’ ದರ್ಜೆಗೆ ಸೇರುತ್ತದೆ: ಹಡಗಿನ ಸಂಪೂರ್ಣ ನಷ್ಟ, ಸಾವು ಅಥವಾ ಪರಿಸರಕ್ಕೆ ತೀವ್ರ ಹಾನಿ. ಈ ದರ್ಜೆಗೆ ಬಂದರೆ ತನಿಖೆ ಕಡ್ಡಾಯ. ಉಳಿದವುಗಳಲ್ಲಿ ತನಿಖೆ ನಡೆಸುವುದು ಒಳ್ಳೆಯದು ಎಂಬ ಸಲಹೆಯಿದೆ, ಕಟ್ಟುಪಾಡಿಲ್ಲ. ಅದಕ್ಕೂ ಕೆಳಗೆ ‘ಸಾಗರ ಘಟನೆ’ ಎಂಬ ಇನ್ನೊಂದು ದರ್ಜೆಯಿದೆ. ಅಪಾಯ ಎದುರಾಗಿ, ಹಾನಿಯಾಗದೆ ತಪ್ಪಿಹೋದ ಪ್ರಸಂಗಗಳು ಇಲ್ಲಿಗೆ ಸೇರುತ್ತವೆ. ಎದುರಿನಿಂದ ಹಡಗು ಬರುತ್ತಿರುವಾಗ ಎಂಜಿನ್ ನಿಂತು, ಕೊನೆಯ ಗಳಿಗೆಯಲ್ಲಿ ಮತ್ತೆ ಚಾಲೂ ಆದರೆ ಅದು ಘಟನೆ. ಚಾಲೂ ಆಗದೆ ಡಿಕ್ಕಿಯಾದರೆ ದುರ್ಘಟನೆ.

‘ತೀವ್ರ ಗಾಯ’ ಎಂಬುದಕ್ಕೂ ಲೆಕ್ಕವಿದೆ. ಗಾಯವಾದ ದಿನದಿಂದ ಏಳು ದಿನಗಳೊಳಗೆ ಆರಂಭವಾಗಿ, 72 ಗಂಟೆಗಳಿಗೂ ಹೆಚ್ಚು ಕಾಲ ಒಬ್ಬನಿಗೆ ಎಂದಿನಂತೆ ಇರಲಾಗದಿದ್ದರೆ ಅದು ತೀವ್ರ ಗಾಯ. ಮೂರು ದಿನದಲ್ಲಿ ಎದ್ದು ಕೆಲಸಕ್ಕೆ ಹೋದವನ ಗಾಯ ಈ ಲೆಕ್ಕಕ್ಕಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲೇ 2025ರಲ್ಲಿ ನಡೆದ ಎರಡು ಪ್ರಸಂಗಗಳನ್ನು ಈ ಅಳತೆಗೋಲಿನಿಂದ ನೋಡಬಹುದು. ಮೇ 25ರಂದು ಲೈಬೀರಿಯಾ ಧ್ವಜದ ‘ಎಂಎಸ್‌ಸಿ ಎಲ್ಸಾ 3’ ಕೊಚ್ಚಿ ಸಮೀಪದ ಕಡಲಿನಲ್ಲಿ ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಪಾರಾದರು. ಯಾರೂ ಸಾಯಲಿಲ್ಲ. ಆದರೂ ಇದು ಅತಿ ಗಂಭೀರ ದರ್ಜೆಯದೇ, ಏಕೆಂದರೆ ಹಡಗು ಪೂರ್ತಿ ನಷ್ಟವಾಯಿತು. ಅದರಲ್ಲಿದ್ದ 640 ಕಂಟೇನರುಗಳ ಪೈಕಿ 13ರಲ್ಲಿ ಅಪಾಯಕಾರಿ ಸರಕಿತ್ತು. ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು ದಡಕ್ಕೆ ಬಂದು ಬಿದ್ದವು. ಕೇರಳ ಸರ್ಕಾರ ಇದನ್ನು ರಾಜ್ಯ ವಿಪತ್ತು ಎಂದು ಸಾರಿತು.

ಎರಡು ವಾರಗಳ ಬಳಿಕ, ಜೂನ್ 9ರಂದು, ಸಿಂಗಪುರ ಧ್ವಜದ ‘ವಾನ್ ಹೈ 503’ ಹಡಗಿಗೆ ಕೇರಳದಾಚೆಯ ಕಡಲಿನಲ್ಲಿ ಬೆಂಕಿ ಬಿತ್ತು. 22 ಮಂದಿಯಲ್ಲಿ 18 ಜನರನ್ನು ನೌಕಾಪಡೆಯ ‘ಐಎನ್‌ಎಸ್ ಸೂರತ್’ ಮಂಗಳೂರಿಗೆ ಕರೆತಂದಿತು. ನಾಲ್ವರು ಕಾಣೆಯಾದರು. ಈ ಹಡಗು ಮುಳುಗಲಿಲ್ಲ. ಆದರೆ ಪಟ್ಟಿಯ ಎರಡನೆಯ ಅಂಶ, ಅಂದರೆ ಮನುಷ್ಯರು ಕಾಣೆಯಾಗುವುದು, ಇಲ್ಲಿ ಬಂತು. ಪತ್ರಿಕೆಗಳಲ್ಲಿ ಎರಡೂ ‘ಹಡಗು ದುರಂತ’ಗಳೇ. ಕಾನೂನಿನ ಕಡತದಲ್ಲಿ ಎರಡೂ ತೆರೆದುಕೊಳ್ಳುವುದು ಬೇರೆ ಬೇರೆ ಪುಟಗಳಲ್ಲಿ.

ಸಂಭವವೂ ಅಪಘಾತವೇ

ಪರಿಸರ ಹಾನಿಯ ‘ಸಂಭವ’ವನ್ನೂ ದುರ್ಘಟನೆ ಎಂದು ಕರೆದದ್ದೇಕೆ? ಇದಕ್ಕೆ ಹಳೆಯ ಕಾರಣವಿದೆ. 1967ರ ಮಾರ್ಚ್ 18ರಂದು ‘ಟೊರೆ ಕ್ಯಾನಿಯನ್’ ಎಂಬ ತೈಲ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಂಡೆಗೆ ಬಡಿಯಿತು. ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಅದರಲ್ಲಿತ್ತು. ಅದು ಲೈಬೀರಿಯಾ ಧ್ವಜದ ಹಡಗು. ಬಡಿದದ್ದು ಅಂದಿನ ಬ್ರಿಟನ್ನಿನ ಪ್ರಾದೇಶಿಕ ಸಮುದ್ರದ ಹೊರಗೆ. ಕೊನೆಗೆ ಬ್ರಿಟನ್ ವಿಮಾನಗಳಿಂದ ಬಾಂಬು ಹಾಕಿಸಿ ತೈಲವನ್ನು ಸುಡಲು ಯತ್ನಿಸಿತು. ತನ್ನ ಸಮುದ್ರದ ಹೊರಗಿರುವ ಅನ್ಯದೇಶದ ಹಡಗಿನ ಮೇಲೆ ಹೀಗೆ ಕೈಮಾಡಲು ದಡದ ದೇಶಕ್ಕೆ ಹಕ್ಕಿದೆಯೇ ಎಂಬ ಪ್ರಶ್ನೆಗೆ 1969ರ ಒಪ್ಪಂದ ಉತ್ತರ ಕೊಟ್ಟಿತು. ಹಾನಿ ಆಗಿರಲೇಬೇಕೆಂದಿಲ್ಲ, ಸನ್ನಿಹಿತವಾಗಿದ್ದರೂ ಅದು ಕಡಲ ಅಪಘಾತವೇ. ದಡದ ದೇಶ ಮುಂದಾಗಬಹುದು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 221ನೇ ವಿಧಿಯೂ ಇದನ್ನೇ ಉಳಿಸಿಕೊಂಡಿದೆ.

2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದಾಚೆಯ ಆಯ್ಸ್ಟರ್ ರಾಕ್ಸ್ ಬಂಡೆಗಳಿಗೆ ಸಿಕ್ಕಿಕೊಂಡು ಅದರ ಎಣ್ಣೆ ದಡಕ್ಕೆ ಬಂದದ್ದನ್ನು ಕಂಡವರಿಗೆ ಈ ವಿಧಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಎಣ್ಣೆ ಸೋರಿದ ಮೇಲೆ ಹೆಸರಿಡುತ್ತ ಕುಳಿತರೆ ತಡವಾಗಿರುತ್ತದೆ.

ತಪ್ಪು ಹುಡುಕದ ತನಿಖೆ

ಈಗ ಮೊದಲ ಪ್ರಶ್ನೆಗೆ ಬರೋಣ. ಏಕೆ ಹೀಗಾಯಿತು ಎಂದು ಕೇಳುವ ಹೊಣೆ ಮುಖ್ಯವಾಗಿ ‘ಧ್ವಜರಾಷ್ಟ್ರ’ದ್ದು. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿ, ಯಾವ ದೇಶದ ಬಾವುಟ ಹಾರಿಸುತ್ತದೆಯೋ ಅದು ಧ್ವಜರಾಷ್ಟ್ರ. ಮಾಲೀಕ ಒಂದು ದೇಶದವನು, ಕಪ್ತಾನ ಇನ್ನೊಂದು ದೇಶದವನು, ಸರಕು ಮತ್ತೊಂದು ದೇಶದ್ದು ಇರಬಹುದು. ಕಾನೂನು ಮೊದಲು ಕೇಳುವುದು ಬಾವುಟವನ್ನು. ಅಪಘಾತ 12 ಮೈಲಿಯೊಳಗೆ ನಡೆದರೆ ದಡದ ದೇಶವೂ ಧ್ವಜರಾಷ್ಟ್ರವೂ ಪರಸ್ಪರ ತಿಳಿಸಿಕೊಂಡು ತನಿಖೆಯ ಬಗೆಗೆ ಒಪ್ಪಂದಕ್ಕೆ ಬರಬೇಕು. ಅದರಾಚೆ ನಡೆದರೆ ಧ್ವಜರಾಷ್ಟ್ರವೇ ಮುಂದಾಗಿ, ಘಟನೆಯಲ್ಲಿ ಗಣನೀಯ ಹಿತಾಸಕ್ತಿ ಇರುವ ಇತರ ದೇಶಗಳಿಗೆ ತಿಳಿಸಬೇಕು. ತನ್ನ ಪ್ರಜೆಗಳನ್ನು ಕಳೆದುಕೊಂಡ ದೇಶ ಅಂಥವುಗಳಲ್ಲಿ ಒಂದು.

ಈ ತನಿಖೆಯ ವಿಶೇಷವೆಂದರೆ ಅದು ತಪ್ಪಿತಸ್ಥರನ್ನು ಹುಡುಕುವುದಿಲ್ಲ. ಯಾರ ಮೇಲೂ ಹೊಣೆ ಹೊರಿಸುವುದು ತನ್ನ ಉದ್ದೇಶವಲ್ಲ ಎಂದು ಸಂಹಿತೆಯೇ ಹೇಳುತ್ತದೆ. ಇಂಥದು ಮತ್ತೆ ನಡೆಯದಂತೆ ನೋಡಿಕೊಳ್ಳುವುದಷ್ಟೇ ಅದರ ಗುರಿ. ಮಗನನ್ನು ಕಳೆದುಕೊಂಡ ಮನೆಯವರಿಗೆ ಇದು ವಿಚಿತ್ರವಾಗಿ, ಕ್ರೂರವಾಗಿಯೂ ಕಾಣಬಹುದು. ಆದರೆ ಇದರ ಹಿಂದೆ ಲೆಕ್ಕಾಚಾರವಿದೆ. ನಿಜ ಹೇಳಿದರೆ ಜೈಲು ಎಂದಾದರೆ ರಾತ್ರಿಪಾಳಿಯ ಅಧಿಕಾರಿ ತಾನು ತೂಕಡಿಸಿದ್ದನ್ನು ಎಂದಿಗೂ ಒಪ್ಪಿಕೊಳ್ಳಲಾರ. ಅವನು ಒಪ್ಪಿಕೊಳ್ಳದಿದ್ದರೆ ಮುಂದಿನ ಹಡಗಿನ ಪಾಳಿಯನ್ನು ತಿದ್ದುವುದು ಹೇಗೆ?

ಭಾರತದ 1958ರ ವಾಣಿಜ್ಯ ಹಡಗು ಕಾಯ್ದೆಯ ದಾರಿ ಇದಕ್ಕಿಂತ ಹಳೆಯದು. ಅದರ 358ನೇ ಕಲಮು ‘ಹಡಗು ದುರ್ಘಟನೆ’ಯ ಪಟ್ಟಿ ಕೊಟ್ಟಿತ್ತು: ಭಾರತದ ಕರಾವಳಿಯಲ್ಲಿ ಅಥವಾ ಅದರ ಸಮೀಪ ಹಡಗು ನಷ್ಟವಾಗುವುದು, ತೊರೆಯಲ್ಪಡುವುದು, ನೆಲಕ್ಕೆ ತಗುಲುವುದು, ಗಣನೀಯ ಹಾನಿಗೊಳ್ಳುವುದು, ಇನ್ನೊಂದು ಹಡಗಿಗೆ ಹಾನಿ ಮಾಡುವುದು, ಜೀವಹಾನಿ ಇತ್ಯಾದಿ. ಮೊದಲು ಅಧಿಕಾರಿಯ ಪ್ರಾಥಮಿಕ ವಿಚಾರಣೆ. ಅಗತ್ಯ ಕಂಡರೆ ನ್ಯಾಯಾಲಯದ ಮುಂದೆ ವಿಧಿವತ್ತಾದ ತನಿಖೆ. ಕಪ್ತಾನನ ತಪ್ಪು ಸಾಬೀತಾದರೆ ಅವನ ಪ್ರಮಾಣಪತ್ರ ರದ್ದಾಗಬಹುದಿತ್ತು. ಅಂದರೆ ಇಲ್ಲಿ ಕಾರಣ ಹುಡುಕುವುದೂ ಹೊಣೆ ಹೊರಿಸುವುದೂ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಆ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2025ರಲ್ಲಿ ಹೊಸ ವಾಣಿಜ್ಯ ಹಡಗು ಕಾಯ್ದೆಯನ್ನು ಅಂಗೀಕರಿಸಿದೆ.

ಒಂದು ಮತದ ತೀರ್ಪು

ಎರಡನೆಯ ಪ್ರಶ್ನೆ ಶಿಕ್ಷೆಯದು. ಇದರ ಕತೆ 1926ರ ಆಗಸ್ಟ್ 2ರ ರಾತ್ರಿ ಏಜಿಯನ್ ಸಮುದ್ರದಲ್ಲಿ ಆರಂಭವಾಗುತ್ತದೆ. ‘ಲೋಟಸ್’ ಎಂಬ ಫ್ರೆಂಚ್ ಹಡಗು ‘ಬೋಜ್‌ಕೂರ್ಟ್’ ಎಂಬ ತುರ್ಕಿ ಹಡಗಿಗೆ ಡಿಕ್ಕಿ ಹೊಡೆಯಿತು. ತುರ್ಕಿ ಹಡಗು ಎರಡು ಹೋಳಾಗಿ ಮುಳುಗಿ ಎಂಟು ಮಂದಿ ಸತ್ತರು. ಲೋಟಸ್ ಇಸ್ತಾಂಬುಲ್ ತಲುಪಿದ ಮೇಲೆ ತುರ್ಕಿಯವರು ಫ್ರೆಂಚ್ ಅಧಿಕಾರಿ ಡೆಮೋನ್ಸ್‌ನನ್ನು ಬಂಧಿಸಿ 80 ದಿನಗಳ ಸಜೆ ವಿಧಿಸಿದರು. ‘ನಮ್ಮ ಹಡಗಿನವನನ್ನು ವಿಚಾರಿಸಲು ನೀವು ಯಾರು?’ ಎಂಬುದು ಫ್ರಾನ್ಸಿನ ವಾದ. ‘ಸತ್ತವರು ನಮ್ಮವರು’ ಎಂಬುದು ತುರ್ಕಿಯ ವಾದ.

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಆರು-ಆರು ಆಗಿ ಒಡೆದರು. 1927ರ ಸೆಪ್ಟೆಂಬರ್ 7ರಂದು ಅಧ್ಯಕ್ಷರ ನಿರ್ಣಾಯಕ ಮತದಿಂದ ತುರ್ಕಿ ಗೆದ್ದಿತು. ಆದರೆ ಈ ಗೆಲುವು ಬಾಳಲಿಲ್ಲ. ಕಂಡ ಕಂಡ ಬಂದರಿನಲ್ಲಿ ತಮ್ಮನ್ನು ಹಿಡಿದು ಹಾಕಬಹುದೆಂದು ನಾವಿಕರು ಹೆದರಿದರು. 1952ರ ಬ್ರಸೆಲ್ಸ್ ಒಪ್ಪಂದ, 1958ರ ಜಿನೀವಾ ಒಪ್ಪಂದ, ಕೊನೆಗೆ 1982ರ ಸಮುದ್ರ ಕಾನೂನಿನ 97ನೇ ವಿಧಿ ಆ ತೀರ್ಪನ್ನು ತಲೆಕೆಳಗು ಮಾಡಿದವು. ಈಗಿನ ನಿಯಮದಂತೆ, ಪ್ರಾದೇಶಿಕ ಸಮುದ್ರದಾಚೆ ‘ಡಿಕ್ಕಿ ಅಥವಾ ನೌಕಾಯಾನದ ಇನ್ನಾವುದೇ ಘಟನೆ’ ನಡೆದರೆ ಹಡಗಿನ ಸಿಬ್ಬಂದಿಯ ಮೇಲೆ ಕ್ರಿಮಿನಲ್ ಕ್ರಮ ಜರುಗಿಸಬಲ್ಲದ್ದು ಧ್ವಜರಾಷ್ಟ್ರ ಅಥವಾ ಆ ವ್ಯಕ್ತಿಯ ಸ್ವಂತ ದೇಶ ಮಾತ್ರ. ಸತ್ತವರ ದೇಶಕ್ಕೆ ಆ ಹಕ್ಕಿಲ್ಲ. ಭಾರತ 1995ರಲ್ಲಿ ಈ ಒಪ್ಪಂದವನ್ನು ಒಪ್ಪಿಕೊಂಡಿದೆ.

ಹೀಗಾಗಿ ‘ನೌಕಾಯಾನದ ಘಟನೆ’ ಎಂಬ ಎರಡು ಪದಗಳ ಮೇಲೆ ಎಷ್ಟು ಭಾರ ಬೀಳಬಹುದು ಎಂಬುದನ್ನು ನಾವು 2012ರಲ್ಲಿ ಕಂಡೆವು. ಆ ವರ್ಷದ ಫೆಬ್ರವರಿ 15ರಂದು ಕೇರಳದಾಚೆ ಸುಮಾರು 20.5 ನಾಟಿಕಲ್ ಮೈಲಿ ದೂರದಲ್ಲಿ ಇಟಲಿಯ ‘ಎನ್ರಿಕಾ ಲೆಕ್ಸಿ’ ಹಡಗಿನಲ್ಲಿದ್ದ ಸೈನಿಕರು ಗುಂಡು ಹಾರಿಸಿ, ‘ಸೇಂಟ್ ಆಂಟನಿ’ ಬೋಟಿನ ಇಬ್ಬರು ಮೀನುಗಾರರು ಸತ್ತರು. ಇದು 97ನೇ ವಿಧಿಗೆ ಸೇರುವ ಘಟನೆ ಎಂದು ಇಟಲಿ ವಾದಿಸಿತು. ಗುಂಡು ಹಾರಿಸುವುದು ನೌಕಾಯಾನದ ಘಟನೆಯಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಹೇಳಿತು. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೂ ಆ ವಿಧಿಯ ಬಗ್ಗೆ ಇಟಲಿಯ ವಾದವನ್ನು ಒಪ್ಪಲಿಲ್ಲ. ಆದರೆ ಸೈನಿಕರು ಸರ್ಕಾರಿ ಕರ್ತವ್ಯದಲ್ಲಿದ್ದರೆಂಬ ಬೇರೆ ಕಾರಣಕ್ಕೆ ಅವರಿಗೆ ವಿನಾಯಿತಿ ನೀಡಿ, ಭಾರತಕ್ಕೆ ಪರಿಹಾರ ಸಲ್ಲಬೇಕೆಂದಿತು. ಇಟಲಿ 10 ಕೋಟಿ ರೂಪಾಯಿ ಕೊಟ್ಟ ಮೇಲೆ 2021ರ ಜೂನ್‌ನಲ್ಲಿ ಇಲ್ಲಿನ ಮೊಕದ್ದಮೆ ಮುಗಿಯಿತು.

ಈ ಬೆಳಕಿನಲ್ಲಿ ಮಂಗಳೂರಿನಾಚೆಯ 43ನೇ ಮೈಲಿಯನ್ನು ನೋಡಿ. ಅಲ್ಲಿ ನಡೆದದ್ದು ಗುಂಡಿನ ದಾಳಿಯಲ್ಲ, ಡಿಕ್ಕಿ. 97ನೇ ವಿಧಿ ಹೆಸರಿಟ್ಟು ಹೇಳುವ ಪದವೇ ಅದು.

‘ಮೀನು ಹಿಡಿಯುತ್ತಿರುವ’ ಬೋಟು ಯಾವುದು?

ಮೂರನೆಯ ಪ್ರಶ್ನೆ ಹಣದ್ದು. ಡಿಕ್ಕಿಯ ನಷ್ಟವನ್ನು ಹಂಚುವ ಸೂತ್ರ 1910ರ ಬ್ರಸೆಲ್ಸ್ ಒಪ್ಪಂದದಲ್ಲಿದೆ. ಒಂದೇ ಹಡಗಿನ ತಪ್ಪಾದರೆ ಅದು ಪೂರ್ತಿ ಭರಿಸಬೇಕು. ಎರಡರದೂ ತಪ್ಪಾದರೆ ತಪ್ಪಿನ ಪ್ರಮಾಣದಲ್ಲಿ. ಪ್ರಮಾಣ ನಿರ್ಧರಿಸಲಾಗದಿದ್ದರೆ ಸಮಪಾಲು. ಡಿಕ್ಕಿ ಕೇವಲ ಆಕಸ್ಮಿಕವಾದರೆ ಅಥವಾ ಕಾರಣವೇ ಅನುಮಾನದಲ್ಲಿ ಉಳಿದರೆ, ನಷ್ಟ ಅನುಭವಿಸಿದವರೇ ಅದನ್ನು ಹೊರಬೇಕು. ಈ ಕೊನೆಯ ಸಾಲನ್ನು ಎರಡು ಸಲ ಓದಬೇಕು. ಇರುಳಿನಲ್ಲಿ, ಸಾಕ್ಷಿಗಳಿಲ್ಲದ ಕಡಲಿನಲ್ಲಿ, ಸಣ್ಣ ಬೋಟು ತನ್ನ ಜನರೊಂದಿಗೆ ತಳ ಸೇರಿದರೆ ‘ಅನುಮಾನ’ ಯಾರ ಪಾಲಿಗೆ ಬೀಳುತ್ತದೆ ಎಂಬುದು ಸ್ಪಷ್ಟ.

ತಪ್ಪು ಯಾರದೆಂದು ನಿರ್ಧರಿಸಲು ನೋಡುವುದು 1972ರ ಡಿಕ್ಕಿ ತಡೆ ನಿಯಮಗಳನ್ನು. ಎಂಜಿನ್ ಹಡಗು ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕು ಎಂಬ ನಿಯಮ ಅದರಲ್ಲಿದೆ. ನಮ್ಮ ದಕ್ಕೆಗಳಲ್ಲಿ ಎಷ್ಟೋ ಜನ ಇದನ್ನೇ ನಂಬಿರುತ್ತಾರೆ. ಆದರೆ ‘ಮೀನು ಹಿಡಿಯುತ್ತಿರುವ’ ಎಂಬುದಕ್ಕೂ ವ್ಯಾಖ್ಯೆಯಿದೆ. ಬಲೆ, ಗಾಳದ ಸಾಲು ಅಥವಾ ಟ್ರಾಲ್ ನೀರಿನಲ್ಲಿದ್ದು, ಬೋಟು ಸಲೀಸಾಗಿ ತಿರುಗಲಾರದಂತಿರಬೇಕು. ಬಲೆ ಎಳೆದುಕೊಂಡು ದಕ್ಕೆಗೆ ಮರಳುತ್ತಿರುವ ಬೋಟಿಗೆ ಈ ಆದ್ಯತೆ ಇಲ್ಲ. ಕಾನೂನಿನ ಕಣ್ಣಿಗೆ ಆಗ ಅದೂ ಎಲ್ಲದರಂತೆ ಒಂದು ಎಂಜಿನ್ ಹಡಗು.

ವಿಮೆಯವರ ಭಾಷೆ ಇನ್ನೂ ಬೇರೆ. ಭಾರತದ 1963ರ ಸಾಗರ ವಿಮಾ ಕಾಯ್ದೆ ನಷ್ಟವನ್ನು ಭಾಗಶಃ ಮತ್ತು ಪೂರ್ಣ ಎಂದು ವಿಂಗಡಿಸುತ್ತದೆ. ಪೂರ್ಣ ನಷ್ಟದಲ್ಲೂ ಎರಡು ಬಗೆ. ಹಡಗು ನಿಜವಾಗಿಯೂ ಹಾಳಾದರೆ ವಾಸ್ತವ ಪೂರ್ಣ ನಷ್ಟ. ಹಡಗು ಕಣ್ಣಮುಂದೆಯೇ ಇದ್ದರೂ ಅದನ್ನು ಉಳಿಸುವ ಖರ್ಚು ಅದರ ಬೆಲೆಯನ್ನೇ ಮೀರುವಂತಿದ್ದರೆ ಅದು ಭಾವಿತ ಪೂರ್ಣ ನಷ್ಟ. ತೀರದಲ್ಲಿ ಸಿಕ್ಕಿಬಿದ್ದ ಹಡಗನ್ನು ‘ಏಕೆ ಎಳೆದುಕೊಂಡು ಹೋಗುತ್ತಿಲ್ಲ?’ ಎಂದು ದಡದ ಜನ ಕೇಳುತ್ತಿರುವಾಗ, ವಿಮೆಯ ಪುಸ್ತಕದಲ್ಲಿ ಅದು ಆಗಲೇ ಮುಳುಗಿರಲೂಬಹುದು.

ಮನೆಯವರ ಪಾಲಿಗೆ ಒಂದು ಬಲವಾದ ದಾರಿಯೆಂದರೆ ಹಡಗನ್ನೇ ತಡೆಹಿಡಿಸುವುದು. 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ 2017ರ ಅಡ್ಮಿರಾಲ್ಟಿ ಕಾಯ್ದೆ ಈ ಅಧಿಕಾರವನ್ನು ಹಲವು ಹೈಕೋರ್ಟುಗಳಿಗೆ ಕೊಟ್ಟಿದೆ. ಕರ್ನಾಟಕ ಹೈಕೋರ್ಟೂ ಅವುಗಳಲ್ಲಿ ಒಂದು. ಹಡಗಿನ ಮೇಲಿನ ವಿಶೇಷ ಹಕ್ಕುಗಳ ಸಾಲಿನಲ್ಲಿ ನಾವಿಕರ ಸಂಬಳ ಮೊದಲು. ಜೀವಹಾನಿ ಮತ್ತು ಗಾಯದ ಪರಿಹಾರ ಅದರ ಬೆನ್ನಿಗೇ ಬರುತ್ತದೆ. ಎಲ್ಸಾ ಪ್ರಕರಣದಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಅಲ್ಲಿನ ಹೈಕೋರ್ಟಿಗೆ ಹೋದದ್ದು ಇದೇ ಕಾಯ್ದೆಯ ದಾರಿಯಲ್ಲಿ.

ಪಟ್ಟಿಯ ಹೊರಗಿನವರು

ಇಷ್ಟೆಲ್ಲ ಪಟ್ಟಿ, ದರ್ಜೆ, ಸೂತ್ರಗಳಿರುವಾಗ ಕಡಲಿಗಿಳಿಯುವ ಪ್ರತಿಯೊಬ್ಬನೂ ಒಂದಲ್ಲ ಒಂದು ಸಾಲಿನಲ್ಲಿ ಇರಬೇಕಲ್ಲವೇ? ಇಲ್ಲ. ಸೋಲಾಸ್ ಒಪ್ಪಂದದ ಆರಂಭದಲ್ಲೇ, ಅದು ಸಾಮಾನ್ಯವಾಗಿ ಯಾರಿಗೆ ಅನ್ವಯಿಸುವುದಿಲ್ಲ ಎಂಬ ಪಟ್ಟಿಯಿದೆ. ಯುದ್ಧನೌಕೆಗಳು, 500 ಟನ್ನಿಗಿಂತ ಕಡಿಮೆ ಅಳತೆಯ ಸರಕು ಹಡಗುಗಳು, ಎಂಜಿನ್ ಇಲ್ಲದವು, ಪುರಾತನ ರೀತಿಯಲ್ಲಿ ಕಟ್ಟಿದ ಮರದ ಹಡಗುಗಳು, ವಿಹಾರ ನೌಕೆಗಳು, ಮೀನುಗಾರಿಕಾ ಬೋಟುಗಳು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳನ್ನು ನೆನೆಯಿರಿ. ಮಲ್ಪೆ, ಗಂಗೊಳ್ಳಿ, ತದಡಿಯ ಬೋಟುಗಳನ್ನು ನೆನೆಯಿರಿ. ನಮ್ಮ ಕರಾವಳಿಯಿಂದ ಕಡಲಿಗಿಳಿಯುವವರಲ್ಲಿ ಬಹುಪಾಲು ಜನ ಇರುವುದು ಈ ಹೊರಗಿನ ಪಟ್ಟಿಯಲ್ಲೇ.

‘ರಬ್ಬಾ’ದ ಡಿಕ್ಕಿ ಅಂತರರಾಷ್ಟ್ರೀಯ ಸಂಹಿತೆಯ ಒಳಗೆ ಬರುವುದು ಎದುರಿಗಿದ್ದದ್ದು ದೊಡ್ಡ ಹಡಗು ಎಂಬ ಕಾರಣಕ್ಕೆ. ಜನ ಸತ್ತರು, ಆದ್ದರಿಂದ ಅದು ಅತಿ ಗಂಭೀರ. ಆದ್ದರಿಂದ ತನಿಖೆ ಕಡ್ಡಾಯ. ಬೋಟು ತಾನೊಂದೇ ಮಗುಚಿ ಅಷ್ಟೇ ಜನ ಸತ್ತಿದ್ದರೆ ಆ ಕಡ್ಡಾಯ ಇರುತ್ತಿರಲಿಲ್ಲ.

ಮಲ್ಪೆಯ ‘ಸುವರ್ಣ ತ್ರಿಭುಜ’ವನ್ನು ಓದುಗರು ಮರೆತಿರಲಾರರು. 2018ರ ಡಿಸೆಂಬರ್ 13ರಂದು ಏಳು ಮಂದಿಯನ್ನು ಹೊತ್ತು ಹೊರಟ ಆ ಬೋಟಿನ ಸಂಪರ್ಕ 15ರ ರಾತ್ರಿ ಮಹಾರಾಷ್ಟ್ರದ ಮಾಲ್ವಣದಾಚೆ ಕಡಿದುಹೋಯಿತು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಅದರ ಅವಶೇಷಗಳನ್ನು ಪತ್ತೆಹಚ್ಚಿತು. ಏಳು ಮಂದಿ ಮರಳಲಿಲ್ಲ.

ಇಲ್ಲಿ ಕಾನೂನಿನ ಎರಡು ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಸಾಗರ ವಿಮಾ ಕಾಯ್ದೆಯ ಪ್ರಕಾರ ಹಡಗೊಂದು ಕಾಣೆಯಾಗಿ ‘ಯುಕ್ತ ಕಾಲ’ದವರೆಗೆ ಸುದ್ದಿಯಿಲ್ಲದಿದ್ದರೆ ಅದು ಪೂರ್ಣ ನಷ್ಟವಾಗಿದೆ ಎಂದು ಭಾವಿಸಬಹುದು. ಮನುಷ್ಯನ ವಿಷಯ ಹಾಗಲ್ಲ. ಬೇರೆ ಸಾಕ್ಷ್ಯ ಇಲ್ಲದಿದ್ದರೆ, ಅವನ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ತಿಳಿಯದೆ ಹೋದ ಮೇಲಷ್ಟೇ ಅವನು ಬದುಕಿದ್ದಾನೆಂದು ಸಾಧಿಸುವ ಭಾರ ಹಾಗೆ ಹೇಳುವವರ ಮೇಲೆ ಬೀಳುತ್ತದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಮರಣ ಪ್ರಮಾಣಪತ್ರ, ಬ್ಯಾಂಕಿನ ಖಾತೆ, ವಿಮೆ, ಆಸ್ತಿಯ ಖಾತೆ ಬದಲಾವಣೆ ಎಲ್ಲವೂ ಈ ಒಂದು ಭಾವನೆಗಾಗಿ ಕಾಯಬೇಕಾಗಬಹುದು. ಬೋಟು ಸತ್ತಿದೆ ಎಂದು ಕಾನೂನು ಬೇಗ ಒಪ್ಪುತ್ತದೆ. ಬೋಟಿನಲ್ಲಿದ್ದವನು ಸತ್ತಿದ್ದಾನೆಂದು ಒಪ್ಪಲು ಅದಕ್ಕೆ ಹೆಚ್ಚು ಕಾಲ ಬೇಕು.

ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಮನುಷ್ಯನನ್ನು ಸತ್ತನೆಂದು ಅವಸರದಲ್ಲಿ ಬರೆದುಬಿಡಬಾರದು ಎಂಬ ಎಚ್ಚರ ಒಳ್ಳೆಯದೇ. ಆದರೆ ತನಿಖೆ ಕಡ್ಡಾಯವಲ್ಲದ ಕಡೆ, ಸಾಕ್ಷ್ಯ ಹುಡುಕುವ ಹೊಣೆ ಯಾರದೂ ಅಲ್ಲದ ಕಡೆ, ಆ ಎಚ್ಚರದ ಬೆಲೆಯನ್ನು ತೆರುವವರು ಮನೆಯಲ್ಲಿ ಕಾಯುವವರು. ಟೈಟಾನಿಕ್ ಮುಳುಗಿದ ಎರಡೇ ವರ್ಷಗಳಲ್ಲಿ ದೊಡ್ಡ ಹಡಗುಗಳಿಗೆ ಒಪ್ಪಂದವೊಂದು ಸಿದ್ಧವಾಯಿತು. ಶತಮಾನ ಕಳೆದ ಮೇಲೂ ಮೀನಿನ ಬೋಟು ಅದರ ಹೊರಗಿನ ಪಟ್ಟಿಯಲ್ಲೇ ಉಳಿದಿದೆ.

ಮುಂದಿನ ಸಲ ‘ಕಡಲಿನಲ್ಲಿ ಅಪಘಾತ’ ಎಂಬ ಸುದ್ದಿ ಓದಿದಾಗ ಸತ್ತವರ ಸಂಖ್ಯೆಯ ಜೊತೆಗೆ ಇನ್ನೂ ಮೂರು ವಿವರಗಳನ್ನು ಗಮನಿಸುವುದು ಒಳ್ಳೆಯದು: ದಡದಿಂದ ಎಷ್ಟು ಮೈಲಿ, ಹಡಗಿನ ಮೇಲೆ ಯಾವ ಬಾವುಟ, ಬೋಟಿನ ಬಲೆ ನೀರಿನಲ್ಲಿತ್ತೇ ಇಲ್ಲವೇ. ನೊಂದವರು ಯಾವ ಬಾಗಿಲು ತಟ್ಟಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಮೂರೇ.